ಮೂರನೇ ಪಿನ್ನು

ವರ್ಡೆಲ್ ಟೈರೀಯ ಅಂಗಡಿಗೆ ಏಳು ಮೆಟ್ಟಿಲು ಕೆಳಗಿಳಿದು ಹೋಗಬೇಕು. ಬಾಗಿಲಿಗೆ ಅವನೇ ಬಣ್ಣದಲ್ಲಿ ಗೀಚಿದ ಒಂದು ಹಲಗೆ: "ಆಂಪ್ ರಿಪೇರಿ. ಎರಡು ಪಿನ್ನಿನ ವೈರು ಕಂಡರೆ ಕತ್ತರಿಸುತ್ತೇನೆ. ನಿಮ್ಮನ್ನು ಕೇಳುವುದಿಲ್ಲ. ಇಷ್ಟವಿಲ್ಲದವರು ಇಲ್ಲಿಂದಲೇ ವಾಪಸ್ ಹತ್ತಿ."

ಶಿಕಾಗೋದ ಪಶ್ಚಿಮ ಭಾಗದಲ್ಲಿ ಆ ಹಲಗೆ ಓದಿ ಬೈಯದ ಗಿಟಾರಿನವನು ಒಬ್ಬನೂ ಇರಲಿಲ್ಲ. ಬೈದುಕೊಂಡೇ ಒಳಗೆ ಹೋಗುತ್ತಿದ್ದರು. ಸತ್ತುಬಿದ್ದ ಆಂಪಿಗೆ, ಗಿಟಾರಿನ ದನಿ ಹಿಗ್ಗಿಸುವ ಆ ಪೆಟ್ಟಿಗೆಗೆ, ಮತ್ತೆ ಉಸಿರು ತರಿಸುವ ಕೈ ನಮ್ಮ ಕಡೆ ಇದ್ದದ್ದು ಅದೊಂದೇ. ಒಳಗಿನ ಗಾಜಿನ ವಾಲ್ವಿನ ಮೇಲೆ ಪೆನ್ಸಿಲಿನಿಂದ ಟಕ್ ಎಂದು ಕುಟ್ಟಿ, ಕಿವಿ ಕೊಟ್ಟು, ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಮೂಗಿನಿಂದ ಮೂಸಿ ಸುಟ್ಟ ಟ್ರಾನ್ಸ್‌ಫಾರ್ಮರ್ ಯಾವ ವರ್ಷದ್ದು ಎನ್ನುತ್ತಿದ್ದ. ಆದರೆ ಬಾಯಿ ಮಾತ್ರ ಚರಂಡಿ. "ಇದನ್ನೇನು ಬಾರಿಸ್ತಿದ್ಯಾ, ಇಲ್ಲಾ ಇದರ ಮೇಲೆ ಕೂತು ಉಣ್ತಿದ್ಯಾ?" ಅವನ ನಮಸ್ಕಾರವೇ ಇದು. ಕಟ್ಟಿಕೊಂಡ ಹೆಂಡತಿ ಆರು ವರ್ಷ ಸಹಿಸಿ ಡೆಟ್ರಾಯ್ಟಿಗೆ ಹೋದವಳು ತಿರುಗಿ ನೋಡಲಿಲ್ಲ. ಮಿಸಿಸಿಪ್ಪಿಯ ಹತ್ತಿ ಹೊಲದಿಂದ ಸೈನ್ಯಕ್ಕೆ, ಸೈನ್ಯದ ರೇಡಿಯೋ ಡೇರೆಯಿಂದ ಶಿಕಾಗೋದ ಟಿ.ವಿ. ಕಾರ್ಖಾನೆಗೆ, ಅಲ್ಲಿ ಮೇಸ್ತ್ರಿಯ ಮುಖಕ್ಕೆ ಬೆಸುಗೆ ಕಡ್ಡಿ ಎಸೆದು ಈ ನೆಲಮಾಳಿಗೆಗೆ. ಅರವತ್ತು ವರ್ಷದಲ್ಲಿ ಅವನು ನಡೆದ ದಾರಿ ಇಷ್ಟು. ಪ್ರತಿಯೊಂದು ಕಡೆಯಿಂದಲೂ ಜಗಳ ಮಾಡಿಕೊಂಡೇ ಹೊರಟದ್ದು.

ಜಗಳವಾಡದೆ ಉಳಿಸಿಕೊಂಡದ್ದು ಒಬ್ಬಳನ್ನೇ. ಅಕ್ಕ ಅರ್ಲೀನ್. ವಿಧವೆ, ಮಕ್ಕಳಿಲ್ಲ, ಭಾನುವಾರದ ಸಂತೆ ನೆರೆಯುವ ಬೀದಿಯಲ್ಲೇ ಮನೆ. ಚರ್ಚು ಮುಗಿಸಿ ಬಂದು ಅವಳು ಸೊಪ್ಪು ಬೇಯಿಸಿ, ಜೋಳದ ರೊಟ್ಟಿ ಸುಟ್ಟು, ಹಂದಿ ಕಾಲಿನ ಸಾರು ಇಳಿಸಿ ಇಬ್ಬರಿಗೆ ತಟ್ಟೆ ಇಡುತ್ತಿದ್ದಳು. ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿದ್ದಿಲ್ಲ. ಇಡೀ ವಾರದಲ್ಲಿ ವರ್ಡೆಲ್ ತಲೆ ತಗ್ಗಿಸಿ, ಉಪ್ಪು ಸಾಲದು ಎಂಬುದರಾಚೆ ಬಾಯಿ ಬಿಡದೆ ಕೂತಿರುತ್ತಿದ್ದದ್ದು ಆ ಮೇಜಿನ ಮುಂದೆ ಮಾತ್ರ.

ಸಂತೆಯಲ್ಲಿ ಬಾರಿಸುವವರಿಗೆ ಕರೆಂಟು ಬೇಕಲ್ಲ, ಬೀದಿ ಬದಿಯ ಮನೆಗಳ ಕಿಟಕಿಯಿಂದ ಉದ್ದ ವೈರು ಎಳೆದುಕೊಳ್ಳುತ್ತಾರೆ. ಅರ್ಲೀನಳ ಕಿಟಕಿ ಆ ಸಾಲಿನಲ್ಲೇ ಹೆಸರಾದದ್ದು. ಅಲ್ಲಿ ವರ್ಡೆಲ್ ಮೂರು ತೂತಿನ ಸಾಕೆಟ್ ಕೂರಿಸಿ, ನೆಲದೊಳಗೆ ತಾಮ್ರದ ಸರಳು ಹೂತು, ಅಕ್ಕನಿಗೆ ಒಂದು ಕಟ್ಟುನಿಟ್ಟು ಹೇಳಿಕೊಟ್ಟಿದ್ದ: ಮೂರು ಪಿನ್ನಿಲ್ಲದವನಿಗೆ ಕರೆಂಟಿಲ್ಲ. ಅವಳು ಅದನ್ನು ಬೈಬಲ್ಲಿನ ಮಾತಿನ ಹಾಗೆ ಪಾಲಿಸುತ್ತಿದ್ದಳು. ಅವಳ ಗಂಡ ಹೊಸೆಯಾ ಸತ್ತದ್ದೇ ಕರೆಂಟು ಹೊಡೆದು, ಗಿಟಾರು ಕೈಯಲ್ಲಿದ್ದ ಹಾಗೇ.

ಹಳೆಯ ಆಂಪುಗಳಿಗೆಲ್ಲ ಎರಡೇ ಪಿನ್ನು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಮೂರನೆಯದು ಇಲ್ಲ. ಪ್ಲಗ್ಗನ್ನು ಹೀಗೂ ಚುಚ್ಚಬಹುದು, ತಿರುಗಿಸಿ ಹಾಗೂ ಚುಚ್ಚಬಹುದು. ಹೀಗೆ ಚುಚ್ಚಿದರೆ ಗುಂಯ್ ಎನ್ನುತ್ತದೆ, ತುಟಿ ಮೈಕಿಗೆ ತಾಗಿದರೆ ಚುರ್ ಎನ್ನುತ್ತದೆ. ತಿರುಗಿಸಿದರೆ ಎರಡೂ ನಿಂತುಹೋಗುತ್ತವೆ. ನಮ್ಮ ಗಿಟಾರಿನವರು ಸ್ವರ ಕೂಡಿಸುವುದಕ್ಕಿಂತ ಮೊದಲು ಕಲಿಯುವ ವಿದ್ಯೆ ಇದು. ಹಾಡುವ ಮುಂಚೆ ಗಿಟಾರಿನ ತಂತಿಯನ್ನು ಮೈಕಿಗೆ ತಾಗಿಸಿ ನೋಡು, ಕಿಡಿ ಹಾರಿದರೆ "ಪ್ಲಗ್ ತಿರುಗಿಸ್ರೋ" ಅಂತ ಕೂಗು, ಆಮೇಲೆ ನಿಶ್ಚಿಂತೆಯಿಂದ ಬಾಯಿ ತೆರೆ. ಐವತ್ತು ವರ್ಷದಿಂದ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ವರ್ಡೆಲ್ ಒಬ್ಬನೇ ಅದನ್ನು ಕೊಲೆ ಎನ್ನುತ್ತಿದ್ದವನು. ಯಾಕೆ ಎಂದು ಕೇಳಿದರೆ ಹೇಳುತ್ತಿರಲಿಲ್ಲ, ಬೈಯುತ್ತಿದ್ದ.

ಎಂಬತ್ತೊಂದನೇ ಇಸವಿಯ ಬೇಸಿಗೆ. ಒಂದು ಗುರುವಾರ ಲೂಷಸ್ ಪೆಟ್‌ವೇ ಆ ಏಳು ಮೆಟ್ಟಿಲು ಇಳಿದು ಬಂದ. ಸಂತೆಯ ಗಿಟಾರಿನವರಲ್ಲಿ ಹಿರಿಯ, ಅರವತ್ತಮೂರು ವರ್ಷ, ಬಾಯಲ್ಲಿ ಎರಡು ಬಂಗಾರದ ಹಲ್ಲು. ವರ್ಡೆಲ್‌ಗೂ ಅವನಿಗೂ ಹೊಸೆಯಾ ಸತ್ತ ದಿನದಿಂದ ಮಾತಿಲ್ಲ, ಮಾತಾಡಿದರೆ ಅದು ಬೈಗುಳ. ಕೈಯಲ್ಲಿ ಅವನ ಆಂಪು, ಐವತ್ತನಾಲ್ಕನೇ ಇಸವಿಯದು, ಕಂದು ಗೀಟಿನ ಬಟ್ಟೆ ಹೊದಿಸಿದ್ದು, ಹಳೆಯ ಪೆಟ್ಟಿಗೆಯ ಹಾಗೆ ತೊಗಲಿನ ಹಿಡಿ. ಮೇಲ್ಗಡೆ ಸಾಲಾಗಿ, ವೈರಿನ ಮೇಲೂ ಒಂದೆರಡು ಕಡೆ, ಸಿಗರೇಟು ಸುಟ್ಟ ಕಲೆಗಳು.

"ಸತ್ತಿದೆ," ಎಂದ ಲೂಷಸ್.

"ಅದಾ, ನೀನಾ?"

"ನೀನು ಸಾಯೋವರೆಗೂ ನಾನು ಸಾಯಲ್ಲ, ಬಿಡು. ಹೊಗೆ ಬಂತು, ಗುರ್ ಅಂತು, ನಿಂತೋಯ್ತು. ಭಾನುವಾರಕ್ಕೆ ಬೇಕು."

"ಮುಂದಿನ ಭಾನುವಾರ."

"ಈ ಭಾನುವಾರ. ಯುರೋಪಿಗೆ ಕರ್ಕೊಂಡು ಹೋಗೋನು ಬರ್ತಾನೆ ಕೇಳೋಕೆ. ಹನ್ನೊಂದು ಊರಲ್ಲಿ ಬಾರಿಸೋದು ಕಣಯ್ಯಾ. ನಿನ್ನ ಅಂಗಡಿ ಇಲಿಗಳು ಕೂಡ ನೋಡಿರದ ಊರು." ಲೂಷಸ್ ಆಂಪನ್ನು ಬೆಂಚಿನ ಮೇಲಿಟ್ಟು ಅದರ ವೈರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಒಂದು ಮಾತು ಕೇಳು. ಇದನ್ನ ಮುಟ್ಟಬೇಡ. ಒಳಗೇನಾದ್ರೂ ಮಾಡ್ಕೋ. ಈ ವೈರು, ಈ ಪ್ಲಗ್ಗು, ಕಾರ್ಖಾನೆಯಿಂದ ಬಂದ ಹಾಗೇ ಇರಬೇಕು. ಹಂಗಿದ್ರೇನೇ ಕರ್ಕೊಂಡು ಹೋಗೋದು ಅಂದಿದಾನೆ."

"ಯಾವನವನು?"

"ಕ್ರೇಗ್ ಅಂತ. ಬಿಳಿಯ. ಹಳೇ ಗಿಟಾರು, ಹಳೇ ಆಂಪು ಕೊಳ್ಳೋನು."

ಈ ಕೊಳ್ಳುವವರ ವಿಷಯ ಬರೆಯುತ್ತಾ ಹೋದರೆ ಪೆನ್ನು ಹೊಲಸಾಗುತ್ತದೆ. ನಾಲ್ಕೈದು ವರ್ಷದಿಂದ ನಮ್ಮ ಬೀದಿಗಳಿಗೆ ನೊಣದ ಹಾಗೆ ಮುತ್ತಿಕೊಂಡಿದ್ದರು. ಇಪ್ಪತ್ತು ವರ್ಷ ನಮ್ಮವರು ಮಂಚದ ಕೆಳಗೆ ತುರುಕಿಟ್ಟ ಗಿಟಾರುಗಳನ್ನು ಎಳೆದು ತೆಗೆಸಿ, ಬಿಚ್ಚಿ, ಒಳಗಿನ ಬೆಸುಗೆಯ ಬಣ್ಣ ನೋಡಿ, ತಿರುಪಿನ ತುಕ್ಕು ನೋಡಿ ತಲೆದೂಗುತ್ತಿದ್ದರು. ಬಾರಿಸುವವನ ಮುಖ ಮಾತ್ರ ನೋಡುತ್ತಿರಲಿಲ್ಲ.

"ಹಲಗೆ ಓದಿದ್ಯಾ?" ವರ್ಡೆಲ್ ಕೇಳಿದ.

"ಓದಿದೆ. ನಿನ್ನ ಹಲಗೆಗೆ ಉಗಿದೇ ಬಂದೆ. ವೈರು ಮುಟ್ಟಿದ್ರೆ ಕೈ ಮುರೀತೀನಿ."

"ಹತ್ತು ಮೇಲೆ," ಎಂದ ವರ್ಡೆಲ್. "ಶನಿವಾರ ಬಾ."

ಅವನು ಹತ್ತಿಹೋದ ಮೇಲೆ ವರ್ಡೆಲ್ ಆಂಪಿನ ಹಿಂಬದಿ ಬಿಚ್ಚಿದ. ಇದರ ಒಳಗನ್ನು ಅವನು ಹಿಂದೊಮ್ಮೆ ನೋಡಿದ್ದ. ಐವತ್ತೇಳರ ಜೂನಿನಲ್ಲಿ, ಹೊಸೆಯಾ ಸತ್ತ ಸಂಜೆ.

ಮಾಂಸದ ಕಾರ್ಖಾನೆಯವರ ಪಿಕ್ನಿಕ್ಕು, ಪಾರ್ಕಿನ ಹುಲ್ಲು ಒದ್ದೆ. ಹೊಸೆಯಾ ಗಿಟಾರು ಹಿಡಿದು ಹಾಡುವವನು, ಲೂಷಸ್ ಪಕ್ಕದಲ್ಲಿ ಎರಡನೇ ಗಿಟಾರು. ಹೊಸೆಯಾನ ಗಿಟಾರು ಅವನದೇ ಆಂಪಿಗೆ, ಮೈಕು ಲೂಷಸ್‌ನ ಈ ಕಂದು ಆಂಪಿಗೆ. ಮೊದಲ ಹಾಡಿನಲ್ಲೇ ಹೊಸೆಯಾನ ತುಟಿ ಚುರ್ ಎಂದಿತು. "ಬೇಡಪ್ಪ, ಬರೀ ಗಿಟಾರು ಬಾರಿಸ್ತೀನಿ, ಹಾಡು ಇನ್ಯಾರಾದ್ರೂ ಹಾಡ್ಲಿ," ಎಂದ. ಆಗ ಜನರ ನಡುವಿನಿಂದ ವರ್ಡೆಲ್ ಎದ್ದು ಬಂದ. ಸೈನ್ಯದಲ್ಲಿ ರೇಡಿಯೋ ಕಲಿತವನು, ಮೂವತ್ತಾರರ ಪೊಗರು. ಹೊಸೆಯಾನ ಪ್ಲಗ್ಗು ಕಿತ್ತು ತಿರುಗಿಸಿ ಚುಚ್ಚಿದ. ಚುರ್ ನಿಂತಿತು. "ಇನ್ನೇನು? ಹೆಂಗಸರ ಥರ ತುಟಿ ಮುಟ್ಕೋಬೇಡ, ಹಾಡು," ಎಂದ. ಜನ ನಕ್ಕರು. ಹೊಸೆಯಾ ನಾಚಿಕೊಂಡು ಹಾಡಲು ನಿಂತ. ಅಷ್ಟರಲ್ಲಿ ಲೂಷಸ್ ತನ್ನ ಆಂಪು ಗುಂಯ್ ಎನ್ನುತ್ತದೆ ಎಂದು ಬಗ್ಗಿ, ಅವನೂ ತನ್ನ ಪ್ಲಗ್ಗು ತಿರುಗಿಸಿದ. ಹೊಸೆಯಾನ ತುಟಿ ಮೈಕಿಗೆ ತಾಗಿತು. ಅವನ ಕೈ ಗಿಟಾರಿನ ತಂತಿ ಬಿಡಲಿಲ್ಲ.

ಒಂದು ಪ್ಲಗ್ಗು ತಿರುಗಿಸಿದರೆ ಸರಿಹೋದದ್ದು ಎರಡನೆಯದು ತಿರುಗಿಸಿದರೆ ಮತ್ತೆ ಕೆಡುತ್ತದೆ. ಆ ಸಂಜೆ ಎರಡೂ ಆಂಪು ಬಿಚ್ಚಿ ಮೀಟರು ಹಿಡಿದು ಕೂತು ವರ್ಡೆಲ್ ಇದನ್ನು ಕಂಡುಕೊಂಡ. ಲೂಷಸ್‌ಗೆ ಗೊತ್ತಿಲ್ಲ. ಆವತ್ತು ಪಿಕ್ನಿಕ್ಕಿಗೆ ಬಂದಿರದ ಅರ್ಲೀನಳಿಗೂ ಗೊತ್ತಿಲ್ಲ; ನೋಡಿದವರಿಗೆ ಪ್ಲಗ್ಗು ತಿರುಗಿಸುವುದು ದಿನದ ಮಾತು, ಯಾರೂ ಲೆಕ್ಕಕ್ಕಿಡಲಿಲ್ಲ. ಲೂಷಸ್‌ನನ್ನು ಬೀದಿಯಲ್ಲಿ ನಿಲ್ಲಿಸಿ "ನೀನು ಕೊಂದೆ" ಎನ್ನಲು ನಾಲಿಗೆ ತುರಿಸುತ್ತಿತ್ತು. ಅದನ್ನು ಹೇಳಬೇಕಾದರೆ ಮೊದಲು ತಿರುಗಿಸಿದವನು ಯಾರು, ಬೇಡವೆಂದವನನ್ನು ನಗೆಪಾಟಲು ಮಾಡಿ ನಿಲ್ಲಿಸಿದವನು ಯಾರು ಎಂಬುದೂ ಬರುತ್ತಿತ್ತು. ಬಂದರೆ ಅಕ್ಕನ ಮೇಜು ಹೋಗುತ್ತಿತ್ತು. ಹಾಗಾಗಿ ಬಾಯಿ ಹೊಲಿದುಕೊಂಡ, ಸಿಟ್ಟನ್ನೆಲ್ಲ ಕತ್ತರಿಗೆ ಕೊಟ್ಟ. ಅಂಗಡಿಯ ಮೂಲೆಯಲ್ಲೊಂದು ಡಬ್ಬದ ತುಂಬ ಕತ್ತರಿಸಿದ ಎರಡು ಪಿನ್ನಿನ ವೈರುಗಳು ಸತ್ತ ಹಾವಿನ ಹಾಗೆ ಬಿದ್ದಿದ್ದವು.

ಸೋರಿದ ಕೆಪಾಸಿಟರುಗಳನ್ನು ತೆಗೆದು ಹೊಸದು ಹಾಕಿದ. ಪ್ಲಗ್ಗಿನ ಕರೆಂಟಿಗೂ ಆಂಪಿನ ಮೈಗೂ ನಡುವೆ ಕೂರಿಸಿರುವ ಬಿಲ್ಲೆಯಂಥ ಇನ್ನೊಂದು ಸಣ್ಣ ಕೆಪಾಸಿಟರು, ಅದು ಹಳತಾಗಿ ಕೈಕೊಟ್ಟ ದಿನ ಮನೆಯ ಕರೆಂಟೆಲ್ಲ ನೇರ ಗಿಟಾರಿನ ತಂತಿಗೇ ಹರಿಯುತ್ತದೆ. ಅದನ್ನೂ ಕಿತ್ತ. ಕೊನೆಗೆ ಕತ್ತರಿ ತೆಗೆದುಕೊಂಡು ಲೂಷಸ್‌ನ ಕಂದು ವೈರನ್ನು ಬುಡದಲ್ಲೇ ಕತ್ತರಿಸಿದ. ಆ ಒಂದು ಕ್ಷಣ ಅವನಿಗೆ ಸುಖವಾಯಿತು.

ಶನಿವಾರ ಲೂಷಸ್ ಜೊತೆಗೆ ಆ ಕ್ರೇಗ್ ಕೂಡ ಇಳಿದು ಬಂದ. ಮೂವತ್ತರ ಆಸುಪಾಸು, ಉದ್ದ ಕೂದಲು, ಜೇಬಿನಲ್ಲಿ ಟಾರ್ಚು. ವರ್ಡೆಲ್ ಸ್ವಿಚ್ಚು ಹಾಕಿ ಗಿಟಾರು ತಗುಲಿಸಿದ. ಲೂಷಸ್ ಒಂದೇ ತಂತಿ ಮೀಟಿದ. ಕೋಣೆ ತುಂಬ ಜೇನು ಸುರಿದ ಹಾಗಾಯಿತು. ಆಮೇಲೆ ಅವನ ಕಣ್ಣು ನೆಲದ ಮೇಲಿನ ವೈರಿನ ಮೇಲೆ ಬಿತ್ತು. ಕಪ್ಪು ವೈರು, ಹೊಸ ಪ್ಲಗ್ಗು, ಮೂರು ಪಿನ್ನು.

"ಲೋ ಬೇವರ್ಸಿ!"

"ಹಲಗೆ ಓದಿದ್ದೆ ಅಂದ್ಯಲ್ಲ."

"ಕೈ ಮುರೀತೀನಿ ಅಂದಿದ್ದೆ ಅದನ್ನ ಕೇಳಿಸ್ಕೊಂಡ್ಯಾ?"

"ಮುರಿ. ಎರಡಿದೆ."

ಕ್ರೇಗ್ ಟಾರ್ಚು ಬಿಟ್ಟು ಒಳಗೆ ನೋಡುತ್ತಿದ್ದ. ಸತ್ತ ಮಗುವಿನ ಬಾಯಿ ನೋಡುವ ಡಾಕ್ಟರ ಮುಖ. "ಮಿಸ್ಟರ್ ಟೈರೀ, ಏನು ಮಾಡಿಬಿಟ್ರಿ ಇದನ್ನ? ಇಪ್ಪತ್ತೇಳು ವರ್ಷ ಯಾರೂ ಕೈ ಹಾಕಿರಲಿಲ್ಲ ಈ ಮೂಲೆಗೆ. ಬೆಸುಗೆ ಕೂಡ ಕಾರ್ಖಾನೆ ಹೆಂಗಸರು ಹಾಕಿದ್ದು. ಹಾಳು ಮಾಡಿದ್ರಿ."

"ಹಾಡೋನು ಸತ್ರೆ ಬೆಸುಗೆ ನೆಕ್ಕೊಂಡು ಕೂತ್ಕೋತೀಯೇನೋ?"

"ಐವತ್ತು ವರ್ಷದಿಂದ ಎಲ್ಲರೂ ಪ್ಲಗ್ ತಿರುಗಿಸ್ಕೊಂಡು ಬಾರಿಸ್ತಾನೇ ಇದಾರಲ್ಲ ಸಾರ್."

"ಎಲ್ಲರೂ ಅಲ್ಲ," ಎಂದ ವರ್ಡೆಲ್. ಲೂಷಸ್ ಅವನ ಮುಖವನ್ನೇ ನೋಡುತ್ತಿದ್ದ. ಈಗ ಹೇಳಬಹುದಿತ್ತು. ಹೇಳಲಿಲ್ಲ. "ಅಂಗಡಿಯಿಂದ ಆಚೆ ನಡೀರಿ," ಎಂದ.

ಲೂಷಸ್ ನಡೆದದ್ದು ಮೂಲೆಯ ಡಬ್ಬದ ಹತ್ತಿರ. ಮೊಣಕಾಲೂರಿ, ನೂರಾರು ವೈರುಗಳನ್ನು ಕೆದಕಿ, ಸಿಗರೇಟು ಸುಟ್ಟ ಗುರುತು ನೋಡಿ ತನ್ನದನ್ನು ಎಳೆದು ತೆಗೆದ. "ಇವತ್ತೇ ಇದನ್ನ ವಾಪಸ್ ಹಾಕಿಸ್ತೀನಿ. ನಾಳೆ ಇದರಲ್ಲೇ ಬಾರಿಸ್ತೀನಿ. ನಿನ್ನ ಅಕ್ಕನ ಕಿಟಕಿ ಎದುರಿಗೇ."

"ಅವರು ಕಿತ್ತ ಜಾಗಕ್ಕೆ ನನ್ನ ಹತ್ರ ಆ ಇಸವಿಯ ಕೆಪಾಸಿಟರ್ ಕೂಡ ಒಂದಿದೆ," ಎಂದ ಕ್ರೇಗ್ ಮೆಟ್ಟಿಲು ಹತ್ತುತ್ತಾ, ಸಮಾಧಾನ ಹೇಳುವವನ ಹಾಗೆ. "ಹೊರಗಿನಿಂದ ನೋಡಿದರೆ ಗೊತ್ತೇ ಆಗಲ್ಲ."

ವರ್ಡೆಲ್ ಕೈಗೆ ಸಿಕ್ಕ ಸ್ಕ್ರೂಡ್ರೈವರು ಬೀಸಿದ. ಅದು ಬಾಗಿಲಿಗೆ ಬಡಿದು ವಾಪಸ್ ಅವನ ಕಾಲ ಬುಡಕ್ಕೇ ಬಂದು ಬಿತ್ತು.

ಭಾನುವಾರ ಬೆಳಗಿನ ಜಾವ ಮಳೆ ಹೊಡೆದಿತ್ತು. ಒಂಬತ್ತಕ್ಕೆಲ್ಲ ಬಿಸಿಲು, ರಸ್ತೆ ಮಾತ್ರ ಒದ್ದೆ. ಹಳೇ ಟಯರು, ಚಪ್ಪಲಿ, ಕಾಲುಚೀಲ, ಕದ್ದ ರೇಡಿಯೋ ಎಲ್ಲ ಹರವಿಕೊಂಡು ಸಂತೆ ನೆರೆದಿತ್ತು. ಈರುಳ್ಳಿ ಹುರಿಯುವ ವಾಸನೆ ಬೀದಿಗೆಲ್ಲ ಹಬ್ಬಿತ್ತು. ವರ್ಡೆಲ್ ಮೀಟರು ಕಂಕುಳಲ್ಲಿಟ್ಟುಕೊಂಡು ಬಂದ. ರಾತ್ರಿ ನಿದ್ದೆ ಬಂದಿರಲಿಲ್ಲ, ಅದಕ್ಕೂ ಲೂಷಸ್ ಮೇಲೇ ಸಿಟ್ಟು.

ಅರ್ಲೀನಳ ಕಿಟಕಿಗೆ ಎದುರಾಗಿ ಮೀನು ಹುರಿಯುವ ಅಂಗಡಿ, ಅಲ್ಲಿ ಎರಡು ತೂತಿನ ಹಳೆಯ ಸಾಕೆಟ್ಟು. ಅದರ ಮುಂದೆ ಲೂಷಸ್ ಕರಿ ಸೂಟು ಹಾಕಿ, ಬಂಗಾರದ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಕಂದು ವೈರು ಮತ್ತೆ ಆಂಪಿನ ಬುಡದಲ್ಲಿತ್ತು. ಪಕ್ಕದಲ್ಲಿ ಅವನ ಅಳಿಯ ಬೇಸ್ ಗಿಟಾರು ಹಿಡಿದಿದ್ದ. ಮೈಕು ಅಳಿಯನ ಆಂಪಿಗೆ. ಆ ಆಂಪಿಗೆ ವರ್ಡೆಲ್ಲೇ ಹೋದ ವರ್ಷ ಮೂರು ಪಿನ್ನು ಹಾಕಿದ್ದ. ಈಗ ಅದರಲ್ಲಿ ಎರಡೇ ಇದ್ದವು. ಮೀನಂಗಡಿಯ ಸಾಕೆಟ್ಟಿಗೆ ಹೊಂದಲಿ ಎಂದು ಅಳಿಯ ಇಕ್ಕುಳದಿಂದ ಮೂರನೆಯದನ್ನು ಮುರಿದಿದ್ದ. ಮುರಿದ ಪಿನ್ನು ಒದ್ದೆ ರಸ್ತೆಯ ಮೇಲೆ ಬಿದ್ದು ಮಿರಿಮಿರಿ ಹೊಳೆಯುತ್ತಿತ್ತು.

ವರ್ಡೆಲ್ ಅದನ್ನು ಹೆಕ್ಕಿ ಅಳಿಯನ ಮುಖಕ್ಕೆ ಹಿಡಿದ. "ನಿನ್ನ ಹಲ್ಲು ಮುರೀಲಾ ಹೀಗೆ?"

"ಮಿಸ್ಟರ್ ಟೈರೀ, ಒಂದು ದಿನಕ್ಕೆ ಅಷ್ಟೇ..."

"ಒಂದು ದಿನ ಸಾಕು ಸಾಯೋಕೆ."

"ಬಂದ್ರಪ್ಪಾ ಪಾದ್ರಿಗಳು," ಎಂದು ಲೂಷಸ್ ಮೈಕಿನಲ್ಲಲ್ಲ, ಬರಿಗಂಟಲಲ್ಲಿ ಜನರಿಗೆ ಕೇಳುವಂತೆ ಕೂಗಿದ. "ಮೂರು ಪಿನ್ನಿನ ಸಭೆಯ ಪಾದ್ರಿಗಳು! ಟೋಪಿ ತೆಗೀರಿ ಎಲ್ಲಾ!" ಜನ ನಕ್ಕರು. ಕ್ರೇಗ್ ಕ್ಯಾಮೆರಾ ಹಿಡಿದು, "ಸ್ವಲ್ಪ ಪಕ್ಕಕ್ಕೆ ಬನ್ನಿ ಸಾರ್, ಆಂಪು ಕಾಣ್ತಿಲ್ಲ," ಎಂದ.

ಎದುರು ಕಿಟಕಿಯಲ್ಲಿ ಅರ್ಲೀನ್ ಮೊಣಕೈಯೂರಿ ನೋಡುತ್ತಿದ್ದಳು. ಚರ್ಚಿಗೆ ಹಾಕಿಕೊಂಡಿದ್ದ ಬಿಳಿ ಟೋಪಿ ಇನ್ನೂ ತಲೆಯ ಮೇಲಿತ್ತು.

"ಮೀಟರು ಹಿಡೀತೀನಿ," ಎಂದ ವರ್ಡೆಲ್. "ಒಂದು ಸಲ. ಆಮೇಲೆ ಬಾರಿಸ್ಕೊಂಡು ಸಾಯಿ."

"ಹಿಡಿ. ನಿನ್ನ ಮನಸ್ಸಿಗೆ ತಣ್ಣಗಾಗ್ಲಿ."

ಮೀಟರಿನ ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಮುಳ್ಳು ಒಂದೇ ಏಟಿಗೆ ನೂರಹತ್ತಕ್ಕೆ, ಗೋಡೆಯೊಳಗಿನ ಪೂರ್ತಿ ಕರೆಂಟಿಗೆ, ಹಾರಿತು. ಮುಂದೆ ನಿಂತವರು ನೋಡಿದರು. ನಗು ಸ್ವಲ್ಪ ಕಡಿಮೆಯಾಯಿತು.

"ಅದಕ್ಕೇನೀಗ?" ಎಂದ ಲೂಷಸ್. "ಪ್ಲಗ್ ತಿರುಗಿಸಿದ್ರಾಯ್ತು."

"ಸರಿ, ತಿರುಗಿಸು."

ಲೂಷಸ್ ಬಗ್ಗಿ ತನ್ನ ಪ್ಲಗ್ಗು ಕಿತ್ತು ತಿರುಗಿಸಿ ಚುಚ್ಚಿದ. ಮುಳ್ಳು ಸೊನ್ನೆಗೆ ಬಿತ್ತು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಮೀನಂಗಡಿಯವನು ಸಟ್ಟುಗದಿಂದ ಬಾಣಲೆ ಬಡಿದ. "ನೋಡಿದ್ರಾ? ನಮ್ಮಪ್ಪನಿಗೆ ಗೊತ್ತಿದ್ದ ವಿದ್ಯೆ, ಈ ಮುದುಕನಿಗೆ ಗೊತ್ತಿಲ್ಲ!" ಎಂದ ಲೂಷಸ್.

ವರ್ಡೆಲ್ ಮೀಟರು ತೆಗೆಯಲಿಲ್ಲ. ಅಳಿಯನಿಗೆ ಹೇಳಿದ: "ನಿನ್ನದು ಗುಂಯ್ ಅಂತಿದೆ. ಕೇಳ್ತಾ?"

"ಹೌದು ಸಾರ್."

"ಏನು ಮಾಡ್ತೀಯ?"

"ತಿರುಗಿಸ್ತೀನಿ."

"ಮಾಡು."

ಅಳಿಯ ಬಗ್ಗಿ ತನ್ನ ಪ್ಲಗ್ಗು ತಿರುಗಿಸಿದ. ಮುಳ್ಳು ಎದ್ದು ಮತ್ತೆ ನೂರಹತ್ತಕ್ಕೆ ಹೋಗಿ ನಿಂತಿತು.

ಯಾರೂ ನಗಲಿಲ್ಲ. ಲೂಷಸ್ ಮೀಟರನ್ನು ನೋಡಿದ, ಅಳಿಯನ ಪ್ಲಗ್ಗು ನೋಡಿದ, ತನ್ನದು ನೋಡಿದ. ಆಮೇಲೆ ಹಠಕ್ಕೆ ಬಿದ್ದವನ ಹಾಗೆ, "ಇದೆಲ್ಲ ನಿನ್ನ ಮೀಟರಿನ ಆಟ. ಅಳಿಯಾ, ನಿನ್ನ ಪ್ಲಗ್ಗನ್ನ ಮೊದಲಿನ ಹಾಗೇ ತಿರುಗಿಸೋ. ಹಾಡು ಶುರು," ಎಂದು ಮೈಕಿನ ಕಡೆ ಬಾಗಿದ. ಅಳಿಯನ ಕೈ ಇನ್ನೂ ಪ್ಲಗ್ಗಿನ ಹತ್ತಿರ ಹೋಗಿರಲಿಲ್ಲ.

ವರ್ಡೆಲ್ ಮೈಕಿನ ಕಂಬಕ್ಕೆ ಬೂಟುಗಾಲಿನಿಂದ ಒದ್ದ. ಅದು ಹೋಗಿ ಚಪ್ಪಲಿ ರಾಶಿಯ ಮೇಲೆ ಬಿತ್ತು.

"ಹೊಸೆಯಾ ಹೀಗೇ ಸತ್ತಿದ್ದು ಕಣೋ ಕತ್ತೆ!" ಎಂದು ಕಿರುಚಿದ. "ಅವನ ಪ್ಲಗ್ಗು ಒಬ್ಬ ತಿರುಗಿಸ್ದ. ಸರಿಹೋಯ್ತು. ಆಮೇಲೆ ನೀನು ನಿನ್ನದು ತಿರುಗಿಸ್ದೆ. ಇದೇ ಆಂಪು. ಇದೇ ವೈರು."

ಲೂಷಸ್‌ನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಬಂಗಾರದ ಹಲ್ಲು ಬಿಸಿಲಿಗೆ ಹೊಳೆಯುತ್ತಿತ್ತು, ಮುಖ ಬೂದಿಯಾಗಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಒಬ್ಬ ಎಂದದ್ದು ಯಾರೋ ಒಬ್ಬನಾಗಿಯೇ ಉಳಿಯುತ್ತಿತ್ತು. ಆದರೆ ಎದುರು ಮನೆಯ ಬಾಗಿಲು ತೆರೆದು ಅರ್ಲೀನ್ ಬೀದಿಗೆ ಇಳಿದಿದ್ದಳು. ಜನ ದಾರಿ ಬಿಟ್ಟರು. ಅವಳು ಲೂಷಸ್‌ನ ಕಡೆ ನೋಡಲೇ ಇಲ್ಲ.

"ಆ ಒಬ್ಬ ಯಾರು, ವರ್ಡೆಲ್?"

ಅವನು ಮುರಿದ ಪಿನ್ನನ್ನು ಜೇಬಿನಿಂದ ತೆಗೆದ.

"ಕೇಳ್ತಿದೀನಿ. ಮೊದಲು ತಿರುಗಿಸಿದ್ದು ಯಾರು?"

"ನಾನು ಅಕ್ಕ."

"ಹೊಸೆಯಾ ಹಾಡ್ತೀನಿ ಅಂದಿದ್ನಾ?"

"ಇಲ್ಲ. ಬೇಡ ಅಂದಿದ್ದ."

"ನೀನೇನಂದೆ?"

ವರ್ಡೆಲ್ ಕೈಯಲ್ಲಿದ್ದ ಮುರಿದ ಪಿನ್ನನ್ನು ನೋಡುತ್ತಾ ಹೇಳಿದ: "ಹೆಂಗಸರ ಥರ ತುಟಿ ಮುಟ್ಕೋಬೇಡ, ಹಾಡು ಅಂದೆ."

ಲೂಷಸ್ ಗಿಟಾರನ್ನು ಕುತ್ತಿಗೆಯಿಂದ ತೆಗೆದು ಅಳಿಯನ ಕೈಗೆ ಕೊಟ್ಟು ಮುಂದೆ ಬಂದ. "ಮಿಸ್ ಅರ್ಲೀನ್, ನಾನೂ... ಆವತ್ತು ನಾನೂ ತಿರುಗಿಸ್ದೆ."

"ನಿನಗೆ ಗೊತ್ತಿರ್ಲಿಲ್ಲ," ಎಂದಳು ಅವಳು, ಕಣ್ಣು ತಮ್ಮನ ಮೇಲಿಂದ ಕೀಳದೆ. "ಇವನಿಗೆ ಗೊತ್ತಿತ್ತು. ಇಪ್ಪತ್ನಾಲ್ಕು ವರ್ಷ ನನ್ನ ಗಂಡನ ಕುರ್ಚೀಲಿ ಕೂತು ನನ್ನ ಕೈಯಡುಗೆ ತಿಂದ. ಉಪ್ಪು ಸಾಲದು ಅಂತ ಹೇಳೋಕೆ ಬಾಯಿತ್ತು ಇವನಿಗೆ." ಅಂಗೈ ಚಾಚಿದಳು. "ನನ್ನ ಮನೆ ಬೀಗದ ಕೈ."

ಕೊಟ್ಟ. ಅರ್ಲೀನ್ ವಾಪಸ್ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಕಿಟಕಿಯೂ ಮುಚ್ಚಿತು. ಅವಳಿಂದ ಕರೆಂಟು ತೆಗೆದುಕೊಂಡು ಬೀದಿಯ ಕೆಳಗೆ ಬಾರಿಸುತ್ತಿದ್ದ ಇನ್ನೆರಡು ಮೇಳಗಳೂ ಒಮ್ಮೆಲೇ ನಿಂತುಹೋದವು.

"ಮಿಸ್ಟರ್ ಪೆಟ್‌ವೇ," ಎಂದ ಕ್ರೇಗ್, "ನಾವು ಶುರು ಮಾಡೋಣವಾ? ಬೆಳಕು ಚೆನ್ನಾಗಿದೆ."

ಲೂಷಸ್ ಅವನಿಗೆ ಅಂದ ಮಾತನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ. ಅಲ್ಲಿದ್ದ ಹೆಂಗಸರು ಕೂಡ ಅವನನ್ನು ತಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ವರ್ಡೆಲ್ ಅಂಗಡಿ ತೆಗೆಯುವಾಗ ಲೂಷಸ್ ಮೇಲಿನ ಮೆಟ್ಟಿಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಕಂದು ಆಂಪು. ಒಳಗೆ ಬಂದು ಬೆಂಚಿನ ಮೇಲಿಟ್ಟ.

"ಕತ್ತರಿಸು."

"ಯುರೋಪು?"

"ಯುರೋಪು ಅಂತೆ! ನಿನ್ನ ಕೆಲಸ ನೋಡ್ಕೋ. ಮಾತಾಡಬೇಡ ನನ್ನ ಹತ್ರ."

ವರ್ಡೆಲ್ ಕತ್ತರಿ ತೆಗೆದುಕೊಂಡ. ಲೂಷಸ್ ಕೈ ಚಾಚಿ ಕತ್ತರಿಯನ್ನು ಕಸಿದುಕೊಂಡು ತಾನೇ ಕತ್ತರಿಸಿದ. ಒಂದೇ ಸಲಕ್ಕೆ ತುಂಡಾಗಲಿಲ್ಲ, ಎರಡು ಸಲ ಅದುಮಬೇಕಾಯಿತು. ತುಂಡನ್ನು ಡಬ್ಬಕ್ಕೆ ಹಾಕಲಿಲ್ಲ, ಸುತ್ತಿ ಕೋಟಿನ ಜೇಬಿಗೆ ಹಾಕಿಕೊಂಡ.

"ಆವತ್ತೇ ಹೇಳಿದ್ರೆ ಏನಾಗ್ತಿತ್ತು ನಿನಗೆ?" ಎಂದ.

"ಏನಾಗ್ತಿತ್ತೋ ನಿನ್ನೆ ಆಯ್ತು."

"ಇಪ್ಪತ್ನಾಲ್ಕು ವರ್ಷ ಆ ಪ್ಲಗ್ಗು ತಿರುಗಿಸ್ತಾ ಬಂದೆ ನಾನು. ನನ್ನ ಅಳಿಯನಿಗೂ ಕಲಿಸ್ದೆ. ನೀನು ಬೈತಿದ್ದೆ, ಹೇಳ್ಲಿಲ್ಲ. ಬೈಯೋದು ಬೇರೆ, ಹೇಳೋದು ಬೇರೆ ಕಣೋ." ಕೆಲಸ ಮುಗಿಯುವವರೆಗೆ ಲೂಷಸ್ ಗೋಡೆ ಕಡೆ ಮುಖ ಮಾಡಿ ನಿಂತಿದ್ದ. ಆಂಪು ಎತ್ತಿಕೊಂಡು ಹೋಗುವಾಗ ಥ್ಯಾಂಕ್ಸ್ ಹೇಳಲಿಲ್ಲ. ವರ್ಡೆಲ್ ಕಾದದ್ದೂ ಇಲ್ಲ.

ಅಂದು ಮಧ್ಯಾಹ್ನ ವರ್ಡೆಲ್ ಬಾಗಿಲ ಹಲಗೆ ಕಿತ್ತ. ಅದರ ಜಾಗಕ್ಕೆ ಬೇರೊಂದು ಹೊಡೆದ. ಅದರ ಮೇಲೆ ಎರಡು ಆಂಪು, ಎರಡು ಪ್ಲಗ್ಗು, ನಡುವೆ ಒಬ್ಬ ಮನುಷ್ಯನ ಚಿತ್ರ, ಸಣ್ಣ ಮಕ್ಕಳು ಗೀಚಿದ ಹಾಗೆ. ಕೆಳಗೆ ಬರೆದ: "ಹೊಸೆಯಾ ಕ್ರಂಪ್, 1957. ಮೊದಲ ಪ್ಲಗ್ಗು ತಿರುಗಿಸಿದವನು ವರ್ಡೆಲ್ ಟೈರೀ." ಲೂಷಸ್‌ನ ಹೆಸರು ಬರೆಯಲಿಲ್ಲ. ಆ ಹಲಗೆ ಓದಿದವರು ಬೈಯುವುದು ನಿಂತಿತು. ಕೆಲವರು ಓದಿ ವಾಪಸ್ ಹತ್ತಿ ಹೋದರು, ಕೊಲೆಗಾರನ ಕೈಯಲ್ಲಿ ರಿಪೇರಿ ಬೇಡವೆಂದು. ಹೋಗುವವರು ಹೋಗಲಿ ಎಂದು ಅವನೂ ಕೂಗಿ ಕರೆಯಲಿಲ್ಲ.

ಅಕ್ಕನ ಬಾಗಿಲು ತೆರೆಯಲಿಲ್ಲ. ಭಾನುವಾರ ಅವನು ಮೀನಂಗಡಿಯ ಗೋಡೆಗೆ ಒರಗಿ ನಿಂತು ಕಾಗದದ ಪೊಟ್ಟಣದಲ್ಲಿ ಮೀನು ತಿನ್ನುತ್ತಿದ್ದ. ಎದುರು ಕಿಟಕಿಯಿಂದ ಸೊಪ್ಪು ಬೇಯುವ ವಾಸನೆ ಬರುತ್ತಿತ್ತು. ಅವಳು ಕಿಟಕಿ ಮತ್ತೆ ತೆರೆದಿದ್ದಳು, ಕರೆಂಟು ಕೊಡುತ್ತಿದ್ದಳು. ಲೂಷಸ್‌ನ ಪ್ಲಗ್ಗನ್ನು ಕೈಯಲ್ಲಿ ಹಿಡಿದು, ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಮಾತಿಲ್ಲದೆ ಚುಚ್ಚಿದಳು. ಬೀದಿಯ ಆಚೆ ಬದಿಯಲ್ಲಿದ್ದವನ ಕಡೆಗೆ ಅವಳ ಕಣ್ಣು ಅಪ್ಪಿತಪ್ಪಿಯೂ ಹರಿಯುತ್ತಿರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಮೆಂಫಿಸ್ ಕಡೆಯಿಂದ ಹೊಸದಾಗಿ ಬಂದ ಗಿಟಾರಿನವನೊಬ್ಬ ಎರಡು ಪಿನ್ನಿನ ವೈರು ಹಿಡಿದುಕೊಂಡು ಕಿಟಕಿಗೆ ಹೋದ. ಅರ್ಲೀನ್ ಆ ಪ್ಲಗ್ಗನ್ನು ನೋಡಿ ಅವನ ಎದೆಗೆ ವಾಪಸ್ ಎಸೆದಳು.

"ಇದು ಇಲ್ಲಿ ನಡೆಯಲ್ಲ. ಸರಿ ಮಾಡಿಸ್ಕೊಂಡು ಬಾ."

"ಎಲ್ಲಿ ಮಾಡಿಸ್ಲಿ ಮೇಡಮ್?"

"ಮೂರು ಬೀದಿ ಆಚೆ. ಏಳು ಮೆಟ್ಟಿಲು ಕೆಳಗೆ."

"ಯಾರನ್ನ ಕೇಳ್ಬೇಕು?"

"ಹೆಸರು ನನ್ನ ಬಾಯಲ್ಲಿ ಬರಲ್ಲ," ಎಂದಳು ಅರ್ಲೀನ್, ಎದುರು ಗೋಡೆಗೂ ಕೇಳುವಷ್ಟು ಜೋರಾಗಿ. "ಬಾಗಿಲ ಮೇಲೆ ಬರೆದಿದೆ. ಓದ್ಕೋ."

ವರ್ಡೆಲ್ ಮೀನಿನ ಪೊಟ್ಟಣ ಮುದುರಿ ಡಬ್ಬಕ್ಕೆ ಎಸೆದು, ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, ಅಂಗಡಿ ತೆಗೆಯಲು ಹೊರಟ.